ಬಾಳೆಹೊನ್ನೂರಿನಿಂದ ಟಿಮೋರ್‌ವರೆಗೆ: ಏಷ್ಯಾ–ಪೆಸಿಫಿಕ್ ಅಧ್ಯಯನಕ್ಕೆ ಹೊರಡುವವರಿಗೆ

(ಚಿಕ್ಕಮಗಳೂರಿನಲ್ಲಿ ಅಂತಿಮ ವರ್ಷದ ಪದವಿ ವಿದ್ಯಾರ್ಥಿಗಳಿಗಾಗಿ ನಡೆದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ನಡುವೆ ಸಭಿಕರು ಕೇಳಿದ ಪ್ರಶ್ನೆಗಳನ್ನು ಅವು ಬಂದ ಜಾಗದಲ್ಲಿಯೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಈ ಸಭೆಯಲ್ಲಿ ತೋಟದ ಮಾಲೀಕರ ಮಕ್ಕಳಿದ್ದೀರಿ, ತೋಟದಲ್ಲಿ ದುಡಿಯುವವರ ಮಕ್ಕಳಿದ್ದೀರಿ, ಕಾಫಿ ಕ್ಯೂರಿಂಗ್ ಘಟಕಗಳಿಗೆ ಕೆಲಸಕ್ಕೆ ಹೋಗುವವರ ಮಕ್ಕಳೂ ಇದ್ದೀರಿ. ಆದ್ದರಿಂದ ಕಾಫಿಯ ದರದಿಂದಲೇ ಶುರು ಮಾಡುತ್ತೇನೆ. 2024ರಲ್ಲಿ ರೋಬಸ್ಟಾ ಜಾತಿಯ ಕಾಫಿಯ ಬೆಲೆ ಹಿಂದೆ ಯಾರೂ ಕಾಣದ ಮಟ್ಟಕ್ಕೆ ಏರಿದ್ದು ನಿಮಗೆಲ್ಲ ನೆನಪಿದೆ. ಸಕಲೇಶಪುರದಲ್ಲಿ, ಮೂಡಿಗೆರೆಯಲ್ಲಿ ಅದೇ ಮಾತು. ಏಕೆ ಏರಿತು ಎಂದು ಕೇಳಿದರೆ ‘ವಿಯೆಟ್ನಾಂನಲ್ಲಿ ಬೆಳೆ ಕಡಿಮೆಯಾಯಿತಂತೆ’ ಎಂಬ ಒಂದೇ ಉತ್ತರ ಸಿಗುತ್ತಿತ್ತು. ಉತ್ತರ ಸರಿಯಾದದ್ದೇ. ಆದರೆ ವಿಯೆಟ್ನಾಂನಲ್ಲಿ ಬೆಳೆ ಏಕೆ ಕಡಿಮೆಯಾಯಿತು?

ಬರ ಒಂದು ಕಾರಣ. ಇನ್ನೊಂದು ಕಾರಣ ಡೂರಿಯನ್ ಹಣ್ಣು. 2022ರಲ್ಲಿ ಚೀನಾ ವಿಯೆಟ್ನಾಂನ ತಾಜಾ ಡೂರಿಯನ್‌ಗೆ ತನ್ನ ಮಾರುಕಟ್ಟೆಯನ್ನು ಅಧಿಕೃತವಾಗಿ ತೆರೆಯಿತು. ನಮ್ಮ ಹಲಸಿನಂತೆ ಮೈತುಂಬ ಮುಳ್ಳಿರುವ ಈ ಹಣ್ಣಿಗೆ ಚೀನಾದ ನಗರಗಳಲ್ಲಿ ದೊಡ್ಡ ಬೆಲೆಯಿದೆ. ವಿಯೆಟ್ನಾಂನ ಮಧ್ಯ ಎತ್ತರದ ಪ್ರದೇಶದಲ್ಲಿ ಡಾಕ್ ಲಾಕ್ ಎಂಬ ಪ್ರಾಂತ್ಯವಿದೆ. ಅಲ್ಲಿ ಅನೇಕ ರೈತರು ಕಾಫಿ ಗಿಡ ಕಿತ್ತು ಡೂರಿಯನ್ ಹಾಕಿದರು, ಇಲ್ಲವೇ ಕಾಫಿಯ ನಡುವೆಯೇ ಅದನ್ನು ಬೆಳೆಸಿದರು. ಇನ್ನೂ ಹಿಂದಕ್ಕೆ ಹೋದರೆ, ಅದೇ ನೆಲಕ್ಕೆ ಅಷ್ಟೊಂದು ಕಾಫಿ ಬಂದದ್ದು 1986ರ ಆರ್ಥಿಕ ಸುಧಾರಣೆಯ ನಂತರ. ಬಯಲುಸೀಮೆಯ ಕಿನ್ ಜನರು ಗುಡ್ಡಗಾಡಿಗೆ ವಲಸೆ ಬಂದರು. ಎಡೆ, ಜರಾಯ್ ಮೊದಲಾದ ಮೂಲನಿವಾಸಿಗಳ ಭೂಮಿ ಕೈಬದಲಾಯಿತು. ಹತ್ತು–ಹದಿನೈದು ವರ್ಷಗಳಲ್ಲಿ ವಿಯೆಟ್ನಾಂ ಬ್ರೆಜಿಲ್‌ನ ನಂತರದ ಸ್ಥಾನಕ್ಕೆ ಏರಿತು. ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಕಾಫಿಯ ದರ ನೆಲ ಕಚ್ಚಿ ನಮ್ಮ ಜಿಲ್ಲೆಯ ಬೆಳೆಗಾರರು ಸಾಲದಲ್ಲಿ ಮುಳುಗಿದ್ದಕ್ಕೆ ಆ ಏರಿಕೆ ದೊಡ್ಡ ಕಾರಣಗಳಲ್ಲೊಂದು. ನಿಮ್ಮ ತಂದೆ ತಾಯಿಯನ್ನು ಕೇಳಿ, ಆ ವರ್ಷಗಳ ಬಗ್ಗೆ ಅವರು ಹೇಳುತ್ತಾರೆ.

ಒಂದು ಊರಿನ ಸಾಲ, ಇನ್ನೊಂದು ದೇಶದ ಭೂ ನೀತಿ, ಮೂರನೆಯ ದೇಶದ ಜನರ ನಾಲಿಗೆಯ ರುಚಿ, ಇವೆಲ್ಲವನ್ನೂ ಒಟ್ಟಿಗೆ ಇಟ್ಟು ನೋಡುವುದನ್ನು ಕಲಿಸುವ ಓದೇ ಏಷ್ಯಾ ಮತ್ತು ಪೆಸಿಫಿಕ್ ಅಧ್ಯಯನ. ಇತಿಹಾಸ, ರಾಜಕೀಯ, ಅರ್ಥಶಾಸ್ತ್ರ, ಮಾನವಶಾಸ್ತ್ರ, ಭಾಷೆ ಇದರಲ್ಲಿ ಕೂಡಿ ಬರುತ್ತವೆ. ನಾನು ಓದಿದ್ದು ಇದನ್ನೇ. ನಿಮ್ಮಲ್ಲಿ ಕೆಲವರಾದರೂ ಓದಬೇಕೆಂಬ ಆಸೆಯಿಂದ ಬಂದಿದ್ದೇನೆ.

ಈ ವಿಷಯದ ಹುಟ್ಟನ್ನು ಮುಚ್ಚಿಡದೆ ಹೇಳಬೇಕು. ಇದು ಮೊದಲಿಗೆ ಬೆಳೆದದ್ದು ಆಳುವವರ ಅಗತ್ಯಕ್ಕಾಗಿ. 1916ರಲ್ಲಿ ಲಂಡನ್ನಿನಲ್ಲಿ ಪೌರ್ವಾತ್ಯ ಅಧ್ಯಯನದ ಶಾಲೆ ಸ್ಥಾಪನೆಯಾದಾಗ ಸಾಮ್ರಾಜ್ಯದ ಅಧಿಕಾರಿಗಳಿಗೆ ಭಾಷೆ ಕಲಿಸುವುದು ಅದರ ಕೆಲಸವಾಗಿತ್ತು. ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ ಡಚ್ಚರು ತಮ್ಮ ಇಂಡೀಸ್ ವಸಾಹತಿಗೆ, ಅಂದರೆ ಈಗಿನ ಇಂಡೋನೇಷ್ಯಾಕ್ಕೆ, ಅಧಿಕಾರಿಗಳನ್ನು ತಯಾರು ಮಾಡುತ್ತಿದ್ದರು. ಎರಡನೆಯ ಮಹಾಯುದ್ಧದಲ್ಲಿ ಜಪಾನ್ ಸೇನೆ ನ್ಯೂಗಿನಿಯವರೆಗೆ ಬಂದ ಮೇಲೆ ಆಸ್ಟ್ರೇಲಿಯಾಕ್ಕೆ ತನ್ನ ನೆರೆಹೊರೆಯನ್ನು ಅರಿಯಬೇಕೆಂಬ ತುರ್ತು ಹುಟ್ಟಿತು. 1946ರಲ್ಲಿ ಕ್ಯಾನ್‌ಬೆರಾದಲ್ಲಿ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿ ಆರಂಭವಾದಾಗ ಅದರ ಮೊದಲ ನಾಲ್ಕು ಸಂಶೋಧನಾ ಶಾಲೆಗಳಲ್ಲಿ ಒಂದು ಪೆಸಿಫಿಕ್ ಅಧ್ಯಯನದ್ದು. ಅಮೆರಿಕ 1958ರಲ್ಲಿ ವಿದೇಶಿ ಭಾಷೆಗಳ ಕಲಿಕೆಗೆ ಹಣ ಕೊಟ್ಟಿದ್ದು ರಕ್ಷಣಾ ಶಿಕ್ಷಣ ಕಾಯ್ದೆಯ ಹೆಸರಿನಲ್ಲಿ. ಶೀತಲ ಸಮರದ ಕಾಲ ಅದು. ಇಂದಿಗೂ ಪಠ್ಯಕ್ರಮ ನೋಡಿದರೆ ಭದ್ರತೆ, ಚೀನಾ, ನೌಕಾನೆಲೆ ಎಂಬ ಪಾಠಗಳೇ ಮೊದಲ ಸಾಲಿನಲ್ಲಿ ನಿಂತಿರುತ್ತವೆ.

ಅವು ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಅವು ರಾಜಧಾನಿಗಳ ಪ್ರಶ್ನೆಗಳು. ಕೊಪ್ಪ, ಆಲೂರು, ಬೇಲೂರಿನ ವಿದ್ಯಾರ್ಥಿ ತನ್ನದೇ ಪ್ರಶ್ನೆ ಹಿಡಿದುಕೊಂಡು ಹೋಗಬೇಕು. ಇವತ್ತು ನನ್ನ ಮುಖ್ಯವಾದ ಮಾತು ಇದೇ: ಮೊದಲು ನಿಮ್ಮ ನೆಲದ ಪ್ರಶ್ನೆಯೊಂದನ್ನು ಹುಡುಕಿಕೊಳ್ಳಿ, ಆ ಪ್ರಶ್ನೆ ಬೇಡುವ ಭಾಷೆಯನ್ನು ಕಲಿಯಲು ತೊಡಗಿ, ವಿಶ್ವವಿದ್ಯಾಲಯವನ್ನು ಆಮೇಲೆ ಆರಿಸಿ. ಬಹಳ ಮಂದಿ ಇದನ್ನು ತಿರುವುಮುರುವಾಗಿ ಮಾಡುತ್ತಾರೆ. ದೊಡ್ಡ ಹೆಸರಿನ ವಿಶ್ವವಿದ್ಯಾಲಯಕ್ಕೆ ಸೇರಿ, ಎರಡನೆಯ ಸೆಮಿಸ್ಟರ್‌ನಲ್ಲಿ ಪ್ರಬಂಧಕ್ಕೆ ವಿಷಯ ಹುಡುಕುತ್ತ ಕೂರುತ್ತಾರೆ.

ಅಂಥ ಪ್ರಶ್ನೆ ಹೇಗಿರುತ್ತದೆ? ಬಾಳೆಹೊನ್ನೂರಿನ ಬಳಿ ಇರುವ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯನ್ನು ನೀವೆಲ್ಲ ಬಲ್ಲಿರಿ. 1925ರಲ್ಲಿ ಮೈಸೂರು ಸರ್ಕಾರ ಅದನ್ನು ಶುರು ಮಾಡಿದ್ದರ ಹಿಂದೆ ಕಾಫಿ ಗಿಡಕ್ಕೆ ತಗಲುವ ಎಲೆ ತುಕ್ಕು ರೋಗದ ಭಯವಿತ್ತು. 1869ರಲ್ಲಿ ಸಿಲೋನ್‌ನಲ್ಲಿ, ಅಂದರೆ ಈಗಿನ ಶ್ರೀಲಂಕಾದಲ್ಲಿ, ಕಾಣಿಸಿಕೊಂಡ ಆ ರೋಗ ಅಲ್ಲಿನ ಕಾಫಿಯನ್ನು ನಿರ್ನಾಮ ಮಾಡಿ ಆ ದ್ವೀಪವನ್ನು ಚಹಾದ ನಾಡಾಗಿಸಿತು. ನಮ್ಮ ಬೆಟ್ಟಗಳಿಗೂ ಬಂತು, ಜಾವಾಕ್ಕೂ ಹೋಯಿತು. ತುಕ್ಕನ್ನು ತಡೆಯಬಲ್ಲ ಅರೇಬಿಕಾ ಗಿಡಕ್ಕಾಗಿ ಎಲ್ಲ ಕಡೆ ಹುಡುಕಾಟ ನಡೆಯಿತು.

ಅದಕ್ಕೆ ಉತ್ತರ ಸಿಕ್ಕಿದ್ದು ಟಿಮೋರ್ ಎಂಬ ದ್ವೀಪದಲ್ಲಿ, ಇಂಡೋನೇಷ್ಯಾ ದ್ವೀಪಸಾಲಿನ ಪೂರ್ವ ಭಾಗದಲ್ಲಿ, ಆಸ್ಟ್ರೇಲಿಯಾದ ಉತ್ತರಕ್ಕೆ. 1920ರ ದಶಕದಲ್ಲಿ ಪೋರ್ಚುಗೀಸರ ಆಳ್ವಿಕೆಯಲ್ಲಿದ್ದ ಆ ದ್ವೀಪದ ಪೂರ್ವ ಭಾಗದ ತೋಟವೊಂದರಲ್ಲಿ ಅರೇಬಿಕಾ ಮತ್ತು ರೋಬಸ್ಟಾ ತಾವಾಗಿಯೇ ಬೆರೆತು ಹುಟ್ಟಿದ ಗಿಡವೊಂದು ಕಂಡುಬಂತು. ತುಕ್ಕು ಅದನ್ನು ಮುಟ್ಟುತ್ತಿರಲಿಲ್ಲ. ಅದರ ಬೀಜ ಪೋರ್ಚುಗಲ್‌ನ ಸಂಶೋಧನಾ ಕೇಂದ್ರಕ್ಕೆ ಹೋಯಿತು. ಅಲ್ಲಿ ಬೇರೆ ತಳಿಗಳೊಂದಿಗೆ ಕೂಡಿಸಿದ ಸಸಿಗಳು ಜಗತ್ತಿನ ಕಾಫಿ ನಾಡುಗಳಿಗೆ ಹಂಚಿಕೆಯಾದವು. 1980ರ ದಶಕದಲ್ಲಿ ನಮ್ಮ ಬೆಳೆಗಾರರ ಕೈಗೆ ಬಂದ ಕಾವೇರಿ ತಳಿ ಆ ವಂಶದ್ದು. ಆಮೇಲೆ 2007ರಲ್ಲಿ ಬಂದ ಚಂದ್ರಗಿರಿಯೂ ಅದೇ ಟಿಮೋರ್ ಗಿಡದ ಸಂತಾನ. ನಮ್ಮಲ್ಲಿ ಎಷ್ಟೋ ಮನೆಗಳ ಅರೇಬಿಕಾ ಪಾರ್ಚ್‌ಮೆಂಟ್ (ಒಳಸಿಪ್ಪೆ ಸಮೇತ ಒಣಗಿಸಿದ ಬೀಜ) ಮೂಟೆಯಲ್ಲಿ ಆ ದ್ವೀಪದ ಪಾಲಿದೆ.

ಇನ್ನು ಆ ದ್ವೀಪದ ಕಥೆ ಕೇಳಿ. 1975ರ ಡಿಸೆಂಬರ್ 7ರಂದು ಇಂಡೋನೇಷ್ಯಾ ಪೂರ್ವ ಟಿಮೋರ್ ಮೇಲೆ ದಾಳಿ ಮಾಡಿತು. ಇಪ್ಪತ್ತನಾಲ್ಕು ವರ್ಷಗಳ ಆಕ್ರಮಣದಲ್ಲಿ ಕಗ್ಗೊಲೆ, ಹಸಿವು, ಕಾಯಿಲೆಗಳಿಂದ ಸತ್ತವರು ಒಂದು ಲಕ್ಷಕ್ಕೂ ಹೆಚ್ಚು ಎಂದು ಆ ದೇಶದ ಸತ್ಯಶೋಧನಾ ಆಯೋಗ ಅಂದಾಜು ಮಾಡಿದೆ. ಅಲ್ಲಿನ ಕಾಫಿ ವ್ಯಾಪಾರ ಬಹುಕಾಲ ಸೇನೆಗೆ ಹತ್ತಿರದವರ ಕೈಯಲ್ಲಿತ್ತು. 1999ರ ಆಗಸ್ಟ್ 30ರ ಜನಮತ ಸಂಗ್ರಹದಲ್ಲಿ ಶೇ 78ಕ್ಕಿಂತ ಹೆಚ್ಚು ಜನ ಸ್ವಾತಂತ್ರ್ಯ ಕೇಳಿದರು. ಅದಕ್ಕೆ ಪ್ರತಿಯಾಗಿ ಊರೂರುಗಳು ಸುಟ್ಟುಹೋದವು. 2002ರ ಮೇ 20ರಂದು ಟಿಮೋರ್–ಲೆಸ್ಟೆ ಸ್ವತಂತ್ರವಾಯಿತು. 2025ರ ಅಕ್ಟೋಬರ್‌ನಲ್ಲಿ ಆಗ್ನೇಯ ಏಷ್ಯಾ ರಾಷ್ಟ್ರಗಳ ಕೂಟವಾದ ಆಸಿಯಾನ್‌ನ ಹನ್ನೊಂದನೆಯ ಸದಸ್ಯ ರಾಷ್ಟ್ರವಾಯಿತು. ತೈಲ ಮತ್ತು ಅನಿಲ ಬಿಟ್ಟರೆ ಇಂದಿಗೂ ಆ ದೇಶದ ಮುಖ್ಯ ರಫ್ತು ಕಾಫಿಯೇ.

ಜಗತ್ತಿನ ಕಾಫಿಯನ್ನು ಉಳಿಸಿದ ಗಿಡವನ್ನು ಕೊಟ್ಟ ನೆಲಕ್ಕೆ ಆ ಗಿಡದಿಂದ ಏನು ಮರಳಿ ಬಂತು? ಬೀಜವೊಂದು ದೇಶ ದಾಟುವಾಗ ಅದರ ಮೇಲೆ ಯಾರ ಹಕ್ಕಿರುತ್ತದೆ? 1992ರ ಜೀವವೈವಿಧ್ಯ ಒಪ್ಪಂದಕ್ಕೂ, ಜೀವಸಂಪತ್ತಿನ ಲಾಭ ಹಂಚಿಕೆಯ ಕುರಿತ 2010ರ ನಗೋಯಾ ಒಡಂಬಡಿಕೆಗೂ ಮೊದಲೇ ಹೊರಟುಹೋದ ಬೀಜದ ಲೆಕ್ಕವನ್ನು ಯಾರು ಕೇಳಬೇಕು? ಕಾಫಿ ನಾಡಿನವರಾದ ನಾವು ಕೇಳಿದರೆ ಈ ಪ್ರಶ್ನೆಗೆ ಬೇರೆಯೇ ತೂಕ ಬರುತ್ತದೆ. ಏಕೆಂದರೆ ಆ ಗಿಡದ ಲಾಭ ಉಂಡವರಲ್ಲಿ ನಾವೂ ಇದ್ದೇವೆ. ಇದು ಒಂದು ಸ್ನಾತಕೋತ್ತರ ಪ್ರಬಂಧಕ್ಕೆ ಸಾಕಾಗಿ ಮಿಗುವ ವಸ್ತು.

ಇಲ್ಲಿ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು ಕೇಳಿದಳು: “ಮೇಡಂ, ಚೀನಾ, ಜಪಾನ್ ಓದುವುದು ಅರ್ಥವಾಗುತ್ತದೆ. ಆದರೆ ಪೆಸಿಫಿಕ್‌ನ ಸಣ್ಣ ಸಣ್ಣ ದ್ವೀಪಗಳನ್ನು ಓದಿ ಏನು ಪ್ರಯೋಜನ? ನಮ್ಮ ಒಂದು ತಾಲ್ಲೂಕಿನಷ್ಟೂ ಜನ ಅಲ್ಲಿಲ್ಲವಲ್ಲ?”

ಒಳ್ಳೆಯ ಪ್ರಶ್ನೆ ಕೇಳಿದೆಯಮ್ಮ. ತುವಾಲು ದೇಶದ ಜನಸಂಖ್ಯೆ ಸುಮಾರು ಹನ್ನೊಂದು ಸಾವಿರ. ನಮ್ಮ ಒಂದು ಹೋಬಳಿಯಲ್ಲಿ ಅದಕ್ಕಿಂತ ಹೆಚ್ಚು ಜನರಿದ್ದಾರೆ. ಆದರೆ ಕಿರಿಬಾಟಿಯನ್ನು ನೋಡು: ನೆಲ ಎಂಟುನೂರು ಚದರ ಕಿಲೋಮೀಟರ್‌ನಷ್ಟು, ಅದರ ಹಕ್ಕಿನ ಸಮುದ್ರ ಸುಮಾರು ಮೂವತ್ತೈದು ಲಕ್ಷ ಚದರ ಕಿಲೋಮೀಟರ್. ಭಾರತದ ನೆಲಕ್ಕಿಂತ ದೊಡ್ಡದು. ಟೋಂಗಾ ಮೂಲದ ಚಿಂತಕ ಎಪೆಲಿ ಹೌಒಫಾ 1990ರ ದಶಕದಲ್ಲಿ ವಾದಿಸಿದ್ದು ಇದನ್ನೇ: ಈ ಜನರಿಗೆ ಕಡಲೇ ನಾಡು, ಅವರನ್ನು ಸಣ್ಣವರೆಂದು ಕರೆದದ್ದು ಹೊರಗಿನವರ ನಕಾಶೆ. ಅವರ ಹಿರಿಯರು ನಕ್ಷತ್ರ ಮತ್ತು ಅಲೆಗಳನ್ನು ಓದಿಕೊಂಡು ಸಾವಿರಾರು ಕಿಲೋಮೀಟರ್ ದೋಣಿ ನಡೆಸಿದವರು.

ಇನ್ನೂ ಒಂದು ಮಾತು. 2019ರಲ್ಲಿ ವನುವಾಟುವಿನಲ್ಲಿರುವ ದಕ್ಷಿಣ ಪೆಸಿಫಿಕ್ ವಿಶ್ವವಿದ್ಯಾಲಯದ ಕ್ಯಾಂಪಸ್‌ನಲ್ಲಿ ಕಾನೂನು ವಿದ್ಯಾರ್ಥಿಗಳು ತರಗತಿಯ ಅಭ್ಯಾಸವಾಗಿ ಒಂದು ವಿಚಾರ ಎತ್ತಿಕೊಂಡರು: ಹವಾಮಾನ ಬದಲಾವಣೆಯ ಬಗ್ಗೆ ರಾಷ್ಟ್ರಗಳ ಕಾನೂನುಬದ್ಧ ಹೊಣೆ ಏನೆಂದು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯವನ್ನೇ ಕೇಳಿದರೆ ಹೇಗೆ? ಅವರು ತಮ್ಮ ಸರ್ಕಾರಗಳ ಬಾಗಿಲು ತಟ್ಟಿದರು. ವನುವಾಟು ಸರ್ಕಾರ ಒಪ್ಪಿತು. 2023ರ ಮಾರ್ಚ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಯಾವ ವಿರೋಧವೂ ಇಲ್ಲದೆ ನಿರ್ಣಯ ಅಂಗೀಕರಿಸಿತು. ವಿಚಾರಣೆಯಲ್ಲಿ ಭಾರತವೂ ತನ್ನ ವಾದ ಮಂಡಿಸಿತು. 2025ರ ಜುಲೈ 23ರಂದು ನ್ಯಾಯಾಲಯ ತನ್ನ ಸಲಹಾ ಅಭಿಪ್ರಾಯ ಕೊಟ್ಟಿತು: ಹವಾಮಾನ ವ್ಯವಸ್ಥೆಯನ್ನು ಕಾಪಾಡುವ ಕಾನೂನಿನ ಹೊಣೆ ರಾಷ್ಟ್ರಗಳ ಮೇಲಿದೆ. ಇದನ್ನು ಆರಂಭಿಸಿದವರು ನಿಮ್ಮ ವಯಸ್ಸಿನವರು, ನಮ್ಮ ಜಿಲ್ಲೆಗಿಂತ ಕಡಿಮೆ ಜನರಿರುವ ದೇಶದಲ್ಲಿ ಓದುತ್ತಿದ್ದವರು. 2019ರ ಆಗಸ್ಟ್‌ನ ಮಳೆಯಲ್ಲಿ ಮೂಡಿಗೆರೆ ತಾಲ್ಲೂಕಿನ ಗುಡ್ಡಗಳು ಕುಸಿದು ಮನೆ ಕಳೆದುಕೊಂಡವರು ನಮ್ಮ ನಡುವೆಯೇ ಇದ್ದಾರೆ. ಅವರಿಗೂ ಆ ದ್ವೀಪದ ವಿದ್ಯಾರ್ಥಿಗಳಿಗೂ ಸಂಬಂಧವಿಲ್ಲವೆಂದು ನಾನು ಒಪ್ಪಲಾರೆ.

ತೋಟದ ಕೂಲಿಕಾರರು ವಾಸಿಸುವ ಲೈನ್ ಮನೆಗಳ ಬಗ್ಗೆ ಹೇಳಬೇಕೆಂದು ಮೊದಲೇ ನಿಶ್ಚಯಿಸಿಕೊಂಡು ಬಂದಿದ್ದೆ. ನಿಮ್ಮಲ್ಲಿ ಕೆಲವರು ಅಲ್ಲಿಯೇ ಹುಟ್ಟಿ ಬೆಳೆದವರು. ಸಾಲು ಕೋಣೆಗಳು, ಹಂಚಿಕೊಂಡ ನಲ್ಲಿ, ಬೆಳಿಗ್ಗೆ ಹಾಜರಿ ಹಾಕುವ ರೈಟರು. 1879ರಿಂದ 1916ರವರೆಗೆ ಅರುವತ್ತು ಸಾವಿರಕ್ಕೂ ಹೆಚ್ಚು ಭಾರತೀಯರನ್ನು ಐದು ವರ್ಷಗಳ ಕರಾರಿನ ಮೇಲೆ ಪೆಸಿಫಿಕ್‌ನ ಫಿಜಿ ದ್ವೀಪಗಳ ಕಬ್ಬಿನ ತೋಟಗಳಿಗೆ ಸಾಗಿಸಲಾಯಿತು. ಮೊದಲು ಕಲ್ಕತ್ತದಿಂದ, 1903ರ ನಂತರ ಮದರಾಸಿನಿಂದಲೂ. ಅಲ್ಲಿ ಅವರಿಗೆ ಸಿಕ್ಕಿದ್ದೂ ಲೈನ್ ಮನೆಯೇ, ಹತ್ತಡಿ ಉದ್ದ ಏಳಡಿ ಅಗಲದ ಕೋಣೆ. ಅವರ ಮೊಮ್ಮಕ್ಕಳ ಕಾಲದಲ್ಲಿ, 1987ರಲ್ಲಿ, 2000ದಲ್ಲಿ, ಫಿಜಿಯಲ್ಲಿ ಕ್ಷಿಪ್ರಕ್ರಾಂತಿಗಳಾದವು. ನೆಲ ಮೂಲನಿವಾಸಿಗಳದ್ದೋ ಬೆವರು ಹರಿಸಿದವರದ್ದೋ ಎಂಬ ಜಗಳದಲ್ಲಿ ಸಾವಿರಾರು ಭಾರತೀಯ ಮೂಲದವರು ದೇಶ ಬಿಟ್ಟರು. ಅಲ್ಲಿನ ಮೂಲನಿವಾಸಿಗಳ ಭಯವೂ ಸುಳ್ಳಲ್ಲ, ಇವರ ನೋವೂ ಸುಳ್ಳಲ್ಲ. ಎರಡನ್ನೂ ಒಂದೇ ಮನಸ್ಸಿನಿಂದ ಓದುವುದು ಕಷ್ಟದ ಕೆಲಸ, ಅದಕ್ಕೇ ಓದಬೇಕು.

ಫಿಜಿ ದೂರವಾಯಿತು ಎನ್ನುವವರು ಘಟ್ಟ ಇಳಿದು ಸುಳ್ಯ, ಪುತ್ತೂರಿಗೆ ಹೋಗಿ ನೋಡಿ. 1964ರ ಸಿರಿಮಾವೊ–ಶಾಸ್ತ್ರಿ ಒಪ್ಪಂದದ ನಂತರ ಶ್ರೀಲಂಕಾದ ಚಹಾ ತೋಟಗಳಿಂದ ಮರಳಿ ಕಳುಹಿಸಲ್ಪಟ್ಟ ತಮಿಳು ಕುಟುಂಬಗಳು ಅಲ್ಲಿನ ರಬ್ಬರ್ ತೋಟಗಳಲ್ಲಿ ನೆಲೆಸಿವೆ. ತಲೆಮಾರುಗಳಿಂದ ಒಂದು ದೇಶದಲ್ಲಿ ದುಡಿದವರನ್ನು ಎರಡು ಸರ್ಕಾರಗಳು ಕಾಗದದ ಮೇಲೆ ಹಂಚಿಕೊಂಡವು. ಇತ್ತ ನಮ್ಮ ತೋಟಗಳಿಗೆ ಈಗ ಅಸ್ಸಾಮಿನಿಂದ ಜನ ಬರುತ್ತಿದ್ದಾರೆ. ಲೈನ್ ಮನೆಯಲ್ಲಿ ಬೆಳೆದ ಒಬ್ಬ ಹುಡುಗಿ ಫಿಜಿಯ ಕರಾರು ಕೂಲಿಗಳ ದಾಖಲೆಗಳನ್ನು ಓದಲು ಕುಳಿತರೆ, ಬೇರೆ ಯಾವ ಸಂಶೋಧಕರಿಗೂ ಕಾಣದ್ದು ಅವಳಿಗೆ ಕಾಣುತ್ತದೆ. ಹಾಜರಿ ಪುಸ್ತಕದಲ್ಲಿ ಅರ್ಧ ದಿನದ ಕೂಲಿ ಹೇಗೆ ಕಡಿತವಾಗುತ್ತದೆ ಎಂಬುದನ್ನು ಅವಳಿಗೆ ಯಾರೂ ವಿವರಿಸಬೇಕಿಲ್ಲ.

ಹಳೆಯ ಕಾಲದ ಮೇಲೆ ಒಲವಿರುವವರಿಗೆ ಒಂದು ಸುಳಿವು ಮಾತ್ರ ಕೊಡುತ್ತೇನೆ. ಸುಮಾತ್ರಾದ ಬಾರೂಸ್ ಬಳಿಯ ಲೋಬು ತುವಾದಲ್ಲಿ 1088ರ ತಮಿಳು ಶಾಸನ ಸಿಕ್ಕಿದೆ. ಅದನ್ನು ಹಾಕಿಸಿದ್ದು ನಮ್ಮ ಶಾಸನಗಳಲ್ಲಿ ಅಯ್ಯಾವೊಳೆ ಐನೂರ್ವರು ಎಂದು ಬರುವ ವರ್ತಕ ಸಂಘ. ಅದೇ ಸಂಘದ ಕನ್ನಡ ಶಾಸನಗಳು ಕರ್ನಾಟಕದುದ್ದಕ್ಕೂ ಇವೆ. ನಮ್ಮ ಶಾಸನಗಳನ್ನು ಒಟ್ಟುಗೂಡಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಗ್ರಂಥಮಾಲೆಯ ಮೊದಲ ಆವೃತ್ತಿಯಲ್ಲಿ ಐದನೆಯ ಸಂಪುಟ ಹಾಸನ ಜಿಲ್ಲೆಯದ್ದು, ಆರನೆಯದು ಕಡೂರು, ಅಂದರೆ ಈಗಿನ ಚಿಕ್ಕಮಗಳೂರಿನದ್ದು. ಹಳಗನ್ನಡ ಬಲ್ಲ ವಿದ್ಯಾರ್ಥಿಗೆ ಆಗ್ನೇಯ ಏಷ್ಯಾದ ವ್ಯಾಪಾರದ ಇತಿಹಾಸದಲ್ಲಿ ದೊಡ್ಡ ಕೆಲಸವಿದೆ.

ಹಿಂದಿನ ಸಾಲಿನಿಂದ ಒಬ್ಬ ಹುಡುಗ ಕೇಳಿದ: “ನಾನು ಕನ್ನಡ ಮಾಧ್ಯಮದಲ್ಲಿ ಓದಿದವನು. ಇಂಗ್ಲಿಷೇ ಕಷ್ಟ. ಇನ್ನೊಂದು ವಿದೇಶಿ ಭಾಷೆ ಸಾಧ್ಯವೇ ಮೇಡಂ?”

ಸಾಧ್ಯ. ಧೈರ್ಯ ತುಂಬಲೆಂದು ಹೇಳುತ್ತಿಲ್ಲ, ಕಾರಣ ಕೊಡುತ್ತೇನೆ. ಜಪಾನಿ ಭಾಷೆಯ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ವಿಭಕ್ತಿಯಂಥ ಪ್ರತ್ಯಯಗಳು ನಾಮಪದದ ಹಿಂದೆ ಅಂಟುತ್ತವೆ. ಕನ್ನಡದಲ್ಲಿ ಯೋಚಿಸುವವನಿಗೆ ಆ ರಚನೆ ಇಂಗ್ಲಿಷ್‌ಗಿಂತ ಬೇಗ ಒಗ್ಗುತ್ತದೆ. ಕಷ್ಟವಿರುವುದು ಲಿಪಿಯಲ್ಲಿ, ಅದಕ್ಕೆ ವರ್ಷಗಳೇ ಬೇಕು. ಇಂಡೋನೇಷ್ಯಾದ ಭಾಷೆ ರೋಮನ್ ಲಿಪಿಯಲ್ಲಿದೆ, ಕಾಲಕ್ಕೆ ತಕ್ಕಂತೆ ಕ್ರಿಯಾಪದ ರೂಪ ಬದಲಿಸುವುದಿಲ್ಲ. ಒಂದು ವರ್ಷ ಬಿಡದೆ ಕಲಿತರೆ ಪತ್ರಿಕೆ ಓದಬಹುದು. ಇಂಗ್ಲಿಷನ್ನು ಮಾತ್ರ ತಪ್ಪಿಸಿಕೊಳ್ಳಲಾಗದು. ದಿನಕ್ಕೆ ಒಂದು ಪುಟ ಇಂಗ್ಲಿಷ್‌ನಲ್ಲಿ ಬರೆದು ಯಾರಿಗಾದರೂ ತೋರಿಸಿ ತಿದ್ದಿಸಿಕೊ. ಓದಿ ಬಂದ ಮೇಲೆ ಕನ್ನಡದಲ್ಲೂ ಬರೆಯಬೇಕು ಎಂಬುದು ನನ್ನ ಕೋರಿಕೆ. ಫಿಜಿಯ ಬಗ್ಗೆ, ಟಿಮೋರ್ ಬಗ್ಗೆ, ವಿಯೆಟ್ನಾಂನ ಕಾಫಿ ರೈತರ ಬಗ್ಗೆ ಕನ್ನಡದಲ್ಲಿ ಇರುವ ಬರವಣಿಗೆ ತೀರ ಕಡಿಮೆ. ನಮ್ಮ ಬೆಳೆಗಾರರು ವಿಯೆಟ್ನಾಂನ ಸುದ್ದಿಯನ್ನು ವ್ಯಾಪಾರಿಗಳ ಬಾಯಿಂದ ಕೇಳಬೇಕಾಗಿರುವುದು ನನಗೆ ನೋವಿನ ಸಂಗತಿ.

ಎಲ್ಲಿ ಓದಬಹುದು? ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ಅಧ್ಯಯನ ಶಾಲೆಯಲ್ಲಿ ಈ ಪ್ರದೇಶಗಳಿಗಾಗಿಯೇ ಕೇಂದ್ರಗಳಿವೆ. ಅಲ್ಲಿನ ಭಾಷಾ ಶಾಲೆಯಲ್ಲಿ ಚೀನಿ, ಜಪಾನಿ, ಕೊರಿಯನ್ ಕಲಿಯಬಹುದು. ದೆಹಲಿ ವಿಶ್ವವಿದ್ಯಾಲಯದಲ್ಲಿ ಪೂರ್ವ ಏಷ್ಯಾ ಅಧ್ಯಯನ ವಿಭಾಗವಿದೆ. ಶಾಂತಿನಿಕೇತನದಲ್ಲಿ 1937ರಿಂದ ಚೀನಾ ಭವನವಿದೆ. ಹೊರಗೆ ಹೋಗುವುದಾದರೆ ಕ್ಯಾನ್‌ಬೆರಾ, ಸಿಂಗಪುರ, ಟೋಕಿಯೊದ ವಸೇಡಾ. ಪೆಸಿಫಿಕ್ ದ್ವೀಪಗಳಿಗೆಂದೇ ಹವಾಯಿ ವಿಶ್ವವಿದ್ಯಾಲಯದಲ್ಲಿ 1950ರಿಂದ ನಡೆಯುತ್ತಿರುವ ಕಾರ್ಯಕ್ರಮವಿದೆ. ಫಿಜಿಯ ಸುವಾದಲ್ಲಿ ಕೇಂದ್ರವಿರುವ ದಕ್ಷಿಣ ಪೆಸಿಫಿಕ್ ವಿಶ್ವವಿದ್ಯಾಲಯವನ್ನು ಯಾರೂ ಪಟ್ಟಿಯಲ್ಲಿ ಸೇರಿಸುವುದಿಲ್ಲ, ನಾನು ಸೇರಿಸುತ್ತೇನೆ. 1968ರಲ್ಲಿ ಆರಂಭವಾದ ಅದನ್ನು ಹನ್ನೆರಡು ದ್ವೀಪ ದೇಶಗಳು ಕೂಡಿ ನಡೆಸುತ್ತಿವೆ. ದ್ವೀಪದವರನ್ನು ಕುರಿತು ದ್ವೀಪದವರಿಂದಲೇ ಕಲಿಯುವ ಜಾಗ ಅದು.

ಆಗ ಮಗಳ ಜೊತೆ ಬಂದಿದ್ದ ತಂದೆಯೊಬ್ಬರು ಕೇಳಿದರು: “ಎಲ್ಲಾ ಸರಿ ಮೇಡಂ. ಓದಿದ ಮೇಲೆ ಕೆಲಸ ಸಿಗುತ್ತದೆಯೇ? ಖರ್ಚು ಎಷ್ಟಾಗುತ್ತದೆ?”

ಯಜಮಾನರೇ, ನಿಮಗೆ ನೇರವಾಗಿ ಹೇಳುತ್ತೇನೆ. ಈ ಪದವಿ ಇಂಜಿನಿಯರಿಂಗ್‌ನಂತೆ ನೇರ ಕೆಲಸದ ಬಾಗಿಲಿಗೆ ಒಯ್ಯುವುದಿಲ್ಲ. ಭಾಷೆ ಗಟ್ಟಿಯಾಗಿ ಬಂದವರಿಗೆ ಕೆಲಸವಿದೆ, ಬಾರದವರಿಗೆ ಕಷ್ಟವಿದೆ. ಬಿಡದಿಯಲ್ಲಿ ಜಪಾನಿ ಕಂಪನಿಗಳಿವೆ. ಕೋಲಾರಕ್ಕೆ ತೈವಾನಿನವರು ಬಂದಿದ್ದರು, ದೇವನಹಳ್ಳಿ ಕಡೆಗೂ ಬಂದಿದ್ದಾರೆ. 2020ರ ಡಿಸೆಂಬರ್‌ನಲ್ಲಿ ಕೋಲಾರದ ನರಸಾಪುರದಲ್ಲಿ, ಆಗ ತೈವಾನಿನವರದಾಗಿದ್ದ ಕಾರ್ಖಾನೆಯಲ್ಲಿ, ಸಂಬಳದ ವಿಷಯಕ್ಕೆ ಗಲಭೆಯಾದದ್ದು ನಿಮಗೆ ಗೊತ್ತು. ಎರಡೂ ಕಡೆಯ ಭಾಷೆ, ಎರಡೂ ಕಡೆಯ ಕೆಲಸದ ರೀತಿ ಬಲ್ಲವರು ಇಂಥ ಕಡೆ ಬೇಕು. ಕಾಫಿ ರಫ್ತು, ಪತ್ರಿಕೋದ್ಯಮ, ವಿದೇಶಾಂಗ ಸೇವೆ, ಸಂಶೋಧನಾ ಸಂಸ್ಥೆಗಳು, ಬೋಧನೆ, ಇವೂ ಇವೆ.

ಖರ್ಚಿನ ಬಗ್ಗೆ ನನ್ನ ಮಾತು ಕಟ್ಟುನಿಟ್ಟು: ಈ ಓದಿಗಾಗಿ ತೋಟ ಅಡವಿಡಬೇಡಿ. ವಿದ್ಯಾರ್ಥಿವೇತನ ಸಿಕ್ಕರೆ ವಿದೇಶ, ಸಿಗದಿದ್ದರೆ ದೆಹಲಿ. ಜಪಾನ್ ಸರ್ಕಾರದ ವಿದ್ಯಾರ್ಥಿವೇತನ ಬೋಧನಾ ಶುಲ್ಕ, ತಿಂಗಳ ಖರ್ಚು, ವಿಮಾನ ವೆಚ್ಚ ಎಲ್ಲವನ್ನೂ ಭರಿಸುತ್ತದೆ. ಇಂಡೋನೇಷ್ಯಾ, ಕೊರಿಯಾ, ತೈವಾನ್ ಸರ್ಕಾರಗಳ ಯೋಜನೆಗಳೂ ಇವೆ. ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳಿಗೆ ವಿದೇಶದ ಓದಿಗೆ ನೆರವಾಗುವ ರಾಜ್ಯದ ಪ್ರಬುದ್ಧ ಯೋಜನೆ ಇದೆ. ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವು ಪರಿಶಿಷ್ಟ ಜಾತಿಯವರ ಜೊತೆಗೆ ಭೂಹೀನ ಕೃಷಿ ಕಾರ್ಮಿಕರ ಮಕ್ಕಳಿಗೂ ಇದೆ. ಅದನ್ನು ಲೈನ್ ಮನೆಗಳ ಮಕ್ಕಳು ವಿಚಾರಿಸಬೇಕು. 2022ರಲ್ಲಿ ಅದರ ನಿಯಮ ಬದಲಾಗಿ, ಭಾರತದ ಸಂಸ್ಕೃತಿ, ಇತಿಹಾಸ, ಸಮಾಜ ಕುರಿತ ವಿಷಯಗಳನ್ನು ಹೊರಗಿಟ್ಟರು. ತಮ್ಮ ಸಮುದಾಯದ ಕಥೆಯನ್ನು ತಾವೇ ಓದಲು ಹೊರಟವರಿಗೆ ಬಾಗಿಲು ಹಾಕುವ ಆ ನಿಯಮ ನ್ಯಾಯವಲ್ಲವೆಂಬುದು ನನ್ನ ಅಭಿಪ್ರಾಯ. ಫಿಜಿಯ ಬಗ್ಗೆ, ವಿಯೆಟ್ನಾಂ ಬಗ್ಗೆ ಬರೆಯಹೊರಟವರು ಅರ್ಜಿಯಲ್ಲಿ ವಿಷಯವನ್ನು ಎಚ್ಚರದಿಂದ ಬರೆಯಿರಿ.

“ಹಾಗಾದರೆ ಈ ವರ್ಷ ನಾವು ಏನು ಮಾಡಬೇಕು?” ಎಂದು ಮೊದಲು ಕೇಳಿದ್ದ ಹುಡುಗಿಯೇ ಕೊನೆಗೆ ಕೇಳಿದಳು.

ನಿನ್ನ ಪ್ರಶ್ನೆಯನ್ನು ಎರಡು ಪುಟದಲ್ಲಿ ಬರೆದಿಡು, ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷ್‌ನಲ್ಲಿ. ಅದನ್ನು ಇತಿಹಾಸದ ಅಧ್ಯಾಪಕರಿಗೊಮ್ಮೆ, ಅರ್ಥಶಾಸ್ತ್ರದವರಿಗೊಮ್ಮೆ ತೋರಿಸು. ಅದೇ ಮುಂದೆ ನಿನ್ನ ಅರ್ಜಿಯ ಜೀವಾಳವಾಗುತ್ತದೆ. ಕೇಂದ್ರೀಯ ವಿಶ್ವವಿದ್ಯಾಲಯಗಳ ಸ್ನಾತಕೋತ್ತರ ಪ್ರವೇಶ ಪರೀಕ್ಷೆ ಇತ್ತೀಚಿನ ವರ್ಷಗಳಲ್ಲಿ ಮಾರ್ಚ್ ಹೊತ್ತಿಗೆ ನಡೆಯುತ್ತಿದೆ, ಅರ್ಜಿ ಅದಕ್ಕೂ ಮೊದಲೇ ಹಾಕಬೇಕು. ಪದವಿಯ ಕೊನೆಯ ಸೆಮಿಸ್ಟರ್ ಮುಗಿಯಲೆಂದು ಕಾದರೆ ವರ್ಷ ಹೋಯಿತು. ಜಪಾನ್ ವಿದ್ಯಾರ್ಥಿವೇತನದ ಪ್ರಕಟಣೆಗೆ ಬೆಂಗಳೂರಿನ ಜಪಾನ್ ಕಾನ್ಸುಲೇಟ್ ಜಾಲತಾಣವನ್ನು ಏಪ್ರಿಲ್‌ನಿಂದ ನೋಡುತ್ತಿರು. ಭಾಷೆ ಇವತ್ತು ರಾತ್ರಿಯೇ ಶುರುವಾಗಲಿ, ಮೊಬೈಲ್‌ನಲ್ಲಿ ದಿನಕ್ಕೆ ಅರ್ಧ ಗಂಟೆ ಸಾಕು. ಎಲ್ಲ ಸೆಮಿಸ್ಟರ್‌ಗಳ ಅಂಕಪಟ್ಟಿಗಳ ಅಧಿಕೃತ ಪ್ರತಿಗೆ ವಿಶ್ವವಿದ್ಯಾಲಯದಲ್ಲಿ ಈಗಲೇ ಅರ್ಜಿ ಹಾಕು, ಅದಕ್ಕೆ ಸಮಯ ಹಿಡಿಯುತ್ತದೆ. ಪಾಸ್‌ಪೋರ್ಟ್‌ನಲ್ಲಿ ನಿನ್ನ ಹೆಸರು, ತಂದೆಯ ಹೆಸರು, ಇನಿಷಿಯಲ್ ಎಲ್ಲವೂ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇರುವಂತೆಯೇ ಇರಲಿ. ಬರೆದ ಎರಡು ಪುಟ ಸಿದ್ಧವಾದ ಮೇಲೆ ನನಗೂ ಒಂದು ಪ್ರತಿ ಕಳುಹಿಸು, ಓದಿ ಉತ್ತರ ಬರೆಯುತ್ತೇನೆ.